ಬಲಗಡೆಯಿಂದ ಕುದುರೆ ಹತ್ತಿದವರು

ಶಾಲೆಯ ಲ್ಯಾಪ್‌ಟಾಪಿಗೆ ಜೀವವೇನೋ ಮರಳಿ ಬಂದಿತ್ತು. ಕಣ್ಣು, ಕಿವಿ, ಬಾಯಿ ಬಂದಿರಲಿಲ್ಲ. ಯಾರದೋ ಪೆನ್‌ಡ್ರೈವಿನಿಂದ ಅಂಟಿದ ವೈರಸ್ಸು ಯಂತ್ರವನ್ನು ಒಳಗೊಳಗೇ ತಿಂದುಹಾಕಿದ್ದರಿಂದ ಕಂಪ್ಯೂಟರ್ ಟೀಚರ್ ಸುಯುಮ್‌ಕಾನ್ ಎಲ್ಲವನ್ನೂ ಅಳಿಸಿ ಆಪರೇಟಿಂಗ್ ಸಿಸ್ಟಮ್ಮನ್ನು ಹೊಸದಾಗಿ ಹಾಕಿದ್ದಳು. ಪರದೆ ಬೆಳಗುತ್ತಿತ್ತು, ಅಷ್ಟೇ. ಸದ್ದಿಲ್ಲ, ಇಂಟರ್ನೆಟ್ಟಿಲ್ಲ, ಕ್ಯಾಮೆರಾ ಇಲ್ಲ. ಯಂತ್ರದ ಅಂಗಾಂಗಗಳ ಪುಟ ತೆರೆದರೆ ಒಂದೊಂದು ಹೆಸರಿನ ಪಕ್ಕದಲ್ಲೂ ಹಳದಿ ಗುರುತು ಕೂತಿತ್ತು. ಅಂಗಗಳು ಇದ್ದಲ್ಲೇ ಇವೆ, ಅವನ್ನು ಮಾತಾಡಿಸುವ ಡ್ರೈವರ್ ತಂತ್ರಾಂಶಗಳು ಮಾತ್ರ ಹೋಗಿವೆ ಎಂದು ಅದರ ಅರ್ಥ.

"ಕುದುರೆ ಇದೆ, ಲಗಾಮಿಲ್ಲ ಅನ್ನು," ಎಂದ ಉಲಾರ್‌ಬೆಕ್.

ಅವನು ಅವಳ ತಮ್ಮ. ಕಂಪ್ಯೂಟರ್ ಕೋಣೆಯ ಕಿಟಕಿಕಟ್ಟೆಯ ಮೇಲೆ ಕೂತು, ಅಮ್ಮ ಕರಿದುಕೊಟ್ಟಿದ್ದ ಬೋರ್ಸೋಕ್ ಹಿಟ್ಟಿನ ತುಣುಕುಗಳನ್ನು ಒಂದೊಂದಾಗಿ ಬಾಯಿಗೆ ಎಸೆದುಕೊಳ್ಳುತ್ತಿದ್ದ. ಎಡಗೈಯಲ್ಲಿ. ಇದೇ ಶಾಲೆಯಲ್ಲಿ ಎಡಗೈಯಲ್ಲಿ ಬರೆಯುತ್ತಾನೆಂದು ಮೇಷ್ಟರು ಅವನ ಗೆಣ್ಣುಗಳ ಮೇಲೆ ರೂಲುದೊಣ್ಣೆ ಮುರಿದಿದ್ದರು. ದೊಣ್ಣೆ ಮುರಿಯಿತೇ ಹೊರತು ಅಭ್ಯಾಸ ಬದಲಾಗಲಿಲ್ಲ. ಎರಡು ಹಳ್ಳಿಗಳ ಸವಾರರಲ್ಲಿ ಚಾಟಿಯನ್ನು ಎಡಗೈಯಲ್ಲಿ ಹಿಡಿಯುವವನು ಅವನೊಬ್ಬನೇ.

"ಸುಮ್ನೆ ತಿನ್ನೋ. ನಾಳೆ ಆಟಕ್ಕೆ ಇದು ಆಗ್ಲಿಲ್ಲ ಅಂದ್ರೆ ನಿಮ್ಮ ಭಾವ ಮಾಸ್ಕೋದಿಂದ ಫೋನಲ್ಲೇ ನನ್ನ ತಲೆ ತಿಂತಾರೆ."

ನಾಳೆ ಮೇಲಿನ ಹಳ್ಳಿಗೂ ಕೆಳಗಿನ ಹಳ್ಳಿಗೂ ಕೋಕ್‌ಬೋರು. ತಲೆ ಕಡಿದ ಮೇಕೆಯ ದೇಹಕ್ಕಾಗಿ ಕುದುರೆಗಳ ಮೇಲೆ ಕಿತ್ತಾಡಿ, ಅದನ್ನು ಎದುರಾಳಿಯ ಗುಂಡಿಗೆ ಎಸೆಯುವ ಆಟ. ಹಳ್ಳಿಯ ಅರ್ಧಕ್ಕರ್ಧ ಗಂಡಸರು ಮಾಸ್ಕೋದಲ್ಲಿ ಗಾರೆ ಕಲಸುತ್ತಿದ್ದರು. ಆಟದ ದಿನ ಅವರೆಲ್ಲ ಯಾರದೋ ಬಾಡಿಗೆ ಕೋಣೆಯಲ್ಲಿ ಸೇರುತ್ತಿದ್ದರು. ಸುಯುಮ್‌ಕಾನ್ ಜೀಪಿನ ಮೇಲೆ ಶಾಲೆಯ ಕ್ಯಾಮೆರಾ ನಿಲ್ಲಿಸಿ ಇಲ್ಲಿಂದ ತೋರಿಸುತ್ತಿದ್ದಳು.

ಮೊದಲು ತನ್ನ ಫೋನನ್ನು ತಂತಿಯಿಂದ ಲ್ಯಾಪ್‌ಟಾಪಿಗೆ ಜೋಡಿಸಿ ಇಂಟರ್ನೆಟ್ ಬರಿಸಿಕೊಂಡಳು. ಅದರಿಂದ ನೆಟ್‌ವರ್ಕಿನ ಡ್ರೈವರ್ ಇಳಿಸಿದಳು. ಆಮೇಲೆ ಸದ್ದು ಬಂತು. ಕ್ಯಾಮೆರಾ ಮಾತ್ರ ಜಗ್ಗಲಿಲ್ಲ. ಅದರ ಜೊತೆ ಬಂದಿದ್ದ ಡಿಸ್ಕನ್ನು ಅಮ್ಮ ವರ್ಷದ ಹಿಂದೆಯೇ ಹಕ್ಕಿ ಹೆದರಿಸಲು ಸೇಬಿನ ಗಿಡಕ್ಕೆ ತೂಗುಹಾಕಿದ್ದಳು. ಬಿಸಿಲಿಗೂ ಗಾಳಿಗೂ ಗೀಚಿ ಅದು ಈಗ ಬರೀ ಮಿಂಚುವ ಬಿಲ್ಲೆ. ನಾರಿನ್ ಪಟ್ಟಣದ ಸಂತೆಯಲ್ಲಿ ಸಿಗುವ 'ಎಲ್ಲ ಯಂತ್ರಕ್ಕೂ ಒಂದೇ' ಡಿಸ್ಕು ಊರಿನ ಎಲ್ಲರ ಬಳಿ ಇರುವಂತೆ ಅವಳ ಬಳಿಯೂ ಇತ್ತು. ಅದರಿಂದ ಒಂದು ಡ್ರೈವರ್ ಹಾಕಿದಳು. ಪರದೆಯ ಮೇಲೆ ಅವಳ ಮುಖ ತಲೆಕೆಳಗಾಗಿ ಮೂಡಿತು.

"ಅಕ್ಕ, ಬಾವಲಿ ಆಗ್ಬಿಟ್ಟೆ," ಎಂದು ಉಲಾರ್‌ಬೆಕ್ ನಕ್ಕ. ಬಾಯಲ್ಲಿದ್ದುದು ಕಟ್ಟೆಯ ಮೇಲೆಲ್ಲ ಚೆಲ್ಲಿತು.

ಅದನ್ನು ತೆಗೆದು, ಬೇರೆ ಕಂಪನಿಯ ಕ್ಯಾಮೆರಾಕ್ಕೆ ಮಾಡಿದ ಇನ್ನೊಂದನ್ನು ಹಾಕಿದಳು. ಮುಖ ನೆಟ್ಟಗಾಯಿತು. ಕಿವಿಯ ಹಿಂದಿನ ಕೂದಲನ್ನು ಸರಿಪಡಿಸಿಕೊಂಡಳು. ಪರದೆಯವಳೂ ಅದೇ ಕಡೆಯ ಕೈ ಎತ್ತಿದಳು. ದಿನಾ ಬೆಳಿಗ್ಗೆ ಕನ್ನಡಿಯಲ್ಲಿ ಕಾಣುವ ಮುಖವೇ ಅದು. ಎಲ್ಲ ಸರಿಯಾಗಿದೆ ಅನ್ನಿಸಿತು. ಆದರೂ ಅವಳು ಎರಡೆರಡು ಸಲ ನೋಡುವ ಹೆಂಗಸು. ಒಲೆ ಆರಿಸಿ ಬಾಗಿಲು ಹಾಕಿದ ಮೇಲೂ ವಾಪಸು ಹೋಗಿ ಒಲೆ ನೋಡುವವಳು. ಇನ್ನೊಮ್ಮೆ ಮುಖ ಓರೆ ಮಾಡಿ ನೋಡಿದಳು. ಕನ್ನಡಿಯಂತೆಯೇ ಇತ್ತು.

"ನಾಳೆ ಶೇರ್ಗಾಜಿ ಹತ್ರ ಹೋಗ್ಬೇಡ ಕಣೋ," ಎಂದಳು, ಯಂತ್ರ ಮುಚ್ಚುತ್ತಾ.

"ಅವನೇ ಬರ್ತಾನಲ್ಲ ನನ್ನ ಹತ್ರ. ಅವನ ಕುದುರೆಗೆ ನಮ್ಮ ಕುದುರೆ ಕಂಡ್ರೆ ಪ್ರೀತಿ. ಒಂದೇ ಹೊಟ್ಟೆಯವು, ಪಾಪ."

ಅದು ನಿಜವಾಗಿತ್ತು. ಅಪ್ಪನ ಹಳೆಯ ಹೆಣ್ಣುಕುದುರೆಗೆ ಹುಟ್ಟಿದ ಎರಡು ಕಂದು ಮರಿಗಳಲ್ಲಿ ಒಂದನ್ನು ಮೇಲಿನ ಹಳ್ಳಿಯ ಶೇರ್ಗಾಜಿಯ ಮನೆಯವರು ಕೊಂಡಿದ್ದರು. ಎರಡೂ ಒಂದೇ ಅಚ್ಚು. ಉಲಾರ್‌ಬೆಕ್‌ನದಕ್ಕೆ ಬಲಗಡೆಯ ಹಿಂಗಾಲು ಬಿಳಿ, ಶೇರ್ಗಾಜಿಯದಕ್ಕೆ ಎಡಗಡೆಯ ಹಿಂಗಾಲು. ಊರಿನವರು ಗುರುತು ಹಿಡಿಯುತ್ತಿದ್ದುದೇ ಹಾಗೆ.

*

ಮರುದಿನ ಬಯಲಿನಲ್ಲಿ ಧೂಳು ಮೋಡದ ಹಾಗೆ ಎದ್ದಿತ್ತು. ಬಿಸಿಲಿಗೆ ಲ್ಯಾಪ್‌ಟಾಪಿನ ಪರದೆ ಕಪ್ಪು ತಗಡಿನಂತೆ ಹೊಳೆಯುತ್ತಿದ್ದುದರಿಂದ ಅದರಲ್ಲಿ ಏನೂ ಕಾಣುತ್ತಿರಲಿಲ್ಲ. ದಾಖಲಾಗುತ್ತಿದೆ ಎಂಬ ಕೆಂಪು ಚುಕ್ಕೆಯನ್ನಷ್ಟೇ ಸುಯುಮ್‌ಕಾನ್ ಮತ್ತೆ ಮತ್ತೆ ನೋಡುತ್ತಿದ್ದಳು.

ಗಂಡ ಮಿರ್ಲಾನ್ ಮಾಸ್ಕೋದಿಂದ ಫೋನು ಮಾಡಿದ. ಹಿಂದೆ ಹತ್ತಾರು ಗಂಡಸರ ಗದ್ದಲ.

"ಏನೇ, ಊರನ್ನೇ ತಿರುಗಿಸಿ ಇಟ್ಟಿದೀರಾ? ಮಸೀದಿ ಯಾವಾಗ ಹೊಳೆ ದಾಟ್ತು?"

"ಕುಡಿದಿದೀರಾ?"

"ಇಲ್ವೇ, ನೋಡಿಲ್ಲಿ, ಬೆಟ್ಟ—"

ಗಾಳಿ ಬೀಸಿತು, ಮಾತು ಹರಿದುಹೋಯಿತು. ಕುಡಿದಿದ್ದಾನೆ ಎಂದುಕೊಂಡಳು. ಅಷ್ಟರಲ್ಲಿ ಮೈದಾನದ ನಡುವೆ ಗುಂಪು ಕಟ್ಟಿತು.

ಮೂವತ್ತು ನಲವತ್ತು ಕುದುರೆಗಳು ಒಂದರ ಮೇಲೊಂದು ಬಿದ್ದು, ಹಲ್ಲು ಕಿರಿದು, ಒಂದರ ಕುತ್ತಿಗೆಯನ್ನು ಒಂದು ಕಚ್ಚುತ್ತಿದ್ದವು. ಸವಾರರೆಲ್ಲ ದಪ್ಪ ಹತ್ತಿಯ ಕೋಟು, ತಲೆಗೆ ಹಳೇ ಸೋವಿಯತ್ ಕಾಲದ ಟ್ಯಾಂಕ್ ಸೈನಿಕರ ಉಬ್ಬುಪಟ್ಟಿಯ ಟೋಪಿ. ಯಾರು ಯಾರೆಂದು ಅವರ ತಾಯಂದಿರಿಗೂ ತಿಳಿಯದು. ಮೂಳೆಗೆ ಮೂಳೆ ಬಡಿಯುವ ಸದ್ದು ಜೀಪಿನವರೆಗೂ ಬರುತ್ತಿತ್ತು. ಒಬ್ಬನ ಕಾಲು ಎರಡು ಕುದುರೆಗಳ ಪಕ್ಕೆಗಳ ನಡುವೆ ಸಿಕ್ಕಿತು, ಅವನು ಕಿರುಚಿದ. ಯಾರೂ ತಿರುಗಿ ನೋಡಲಿಲ್ಲ. ಆಮೇಲೆ ಗುಂಪು ಒಡೆದು ಒಂದು ಕಂದು ಕುದುರೆ ಹೊರಗೆ ನುಗ್ಗಿತು. ಅದರ ಮೇಲೆ ಉಲಾರ್‌ಬೆಕ್. ತೊಡೆಯ ಕೆಳಗೆ ಮೇಕೆ, ಹಲ್ಲಿನಲ್ಲಿ ಚಾಟಿ. ಗುಂಡಿಯವರೆಗೆ ಓಡಿಸಿ ಮೇಕೆಯನ್ನು ಎಸೆದ. ಎಡಗೈ ಮುಷ್ಟಿಯನ್ನು ಆಕಾಶಕ್ಕೆ ಎತ್ತಿ ಕೂಗಿದ. ಯಾರೂ ಅವನ ಜೊತೆ ಕೂಗಲಿಲ್ಲ.

ಗುಂಪು ಇದ್ದ ಜಾಗದಲ್ಲಿ ಮಕ್ಸುತ್ ಬಿದ್ದಿದ್ದ. ಶೇರ್ಗಾಜಿಯ ಒಬ್ಬನೇ ತಮ್ಮ, ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಅವನ ಕಪಾಲದಲ್ಲಿ, ಟೋಪಿಯ ಪಟ್ಟಿ ಮುಗಿಯುವ ಕಡೆ, ಚಾಟಿಯ ಹಿಡಿಯಷ್ಟೇ ಅಗಲದ ಗುಳಿ ಬಿದ್ದಿತ್ತು. ಕಿವಿಯಿಂದ ರಕ್ತ ಧೂಳಿಗೆ ಇಳಿದು ಕೆಸರಾಗುತ್ತಿತ್ತು. ಹಿಡಿಯೊಳಗೆ ಸೀಸ ತುಂಬಿದ ಚಾಟಿಯನ್ನು ಆಟಕ್ಕೆ ತರಬಾರದು ಎಂಬ ಕಟ್ಟಳೆ ಇತ್ತು. ಎಲ್ಲರೂ ತರುತ್ತಿದ್ದರು.

ಮಕ್ಸುತ್‌ನನ್ನು ಜಿಲ್ಲಾ ಆಸ್ಪತ್ರೆಗೆ ಒಯ್ಯುತ್ತಿದ್ದ ಕಾರು ಕಣಿವೆಯ ತಿರುವಿನಿಂದಲೇ ವಾಪಸು ಬಂತು. ಉಸಿರು ನಿಂತಿತ್ತು.

*

ಅವರು ಶಾಲೆಗೆ ಬಂದಾಗ ಮಧ್ಯಾಹ್ನದ ಬಿಸಿಲು ಇನ್ನೂ ಇತ್ತು. ಮೇಲಿನ ಹಳ್ಳಿಯ ಗಂಡಸರು ಹದಿನೈದು ಇಪ್ಪತ್ತು ಜನ. ಮುಂದೆ ಶೇರ್ಗಾಜಿ, ಕೋಟಿನ ಎದೆಯ ಮೇಲೆಲ್ಲ ತಮ್ಮನ ರಕ್ತ. ಗುಂಪು ಒಡೆದು ಹೊರಬಿದ್ದವನು ಇವನೇ ಎಂದು ಹಿಂದೆ ಇಬ್ಬರು ಉಲಾರ್‌ಬೆಕ್‌ನನ್ನು ಕೂದಲು ಹಿಡಿದು ಎಳೆದು ತರುತ್ತಿದ್ದರು. ಅವನ ಒಂದು ಕಣ್ಣು ಆಗಲೇ ಮುಚ್ಚಿಹೋಗಿತ್ತು. ಬಿಡಿಸಲು ಬಂದ ಕೆಳಗಿನ ಹಳ್ಳಿಯ ಇಬ್ಬರಲ್ಲಿ ಒಬ್ಬನ ದವಡೆ ಗೇಟಿನ ಬಳಿಯೇ ಮುರಿಯಿತು. ಇನ್ನೊಬ್ಬ ಓಡಿದ. ಆಟದ ತೀರ್ಪುಗಾರ, ಎರಡೂ ಹಳ್ಳಿಗೆ ಬೇಕಾದ ಮುದುಕ ಕೋಜೂಬೆಕ್, ಕೋಲೂರಿಕೊಂಡು ಹಿಂದಿನಿಂದ ಬಂದರು.

"ಪೊಲೀಸ್ ಬರ್ಲಿ ಕಣ್ರಪ್ಪಾ," ಎನ್ನುತ್ತಿದ್ದರು ಅವರು. "ಹೇಳಿ ಕಳ್ಸಿದೀನಿ."

"ಪೊಲೀಸ್ ಬಂದು ನನ್ನ ತಮ್ಮನ್ನ ಎಬ್ಬಿಸ್ತಾನಾ ಅಜ್ಜ?" ಎಂದ ಶೇರ್ಗಾಜಿ. ದನಿ ಎತ್ತರಿಸಿರಲಿಲ್ಲ. ಅದೇ ಸುಯುಮ್‌ಕಾನ್‌ಳಿಗೆ ಹೆಚ್ಚು ಹೆದರಿಕೆ ಹುಟ್ಟಿಸಿತು. ಅವನು ಅವಳ ಕಡೆ ತಿರುಗಿದ. "ಟೀಚರಮ್ಮ, ನಿಮ್ಮ ಪೆಟ್ಟಿಗೇಲಿ ಎಲ್ಲಾ ಇದೆಯಂತಲ್ಲ. ಹಾಕಿ."

"ನಾನು ಹೊಡೆದಿಲ್ಲ ಅಕ್ಕ," ಎಂದ ಉಲಾರ್‌ಬೆಕ್, ಒಡೆದ ತುಟಿಯಿಂದ. "ಚಾಟಿ ನನ್ನ ಬಾಯಲ್ಲಿತ್ತು. ಹಾಕು, ನೋಡ್ಲಿ."

ಅವನಿಗೆ ಅಷ್ಟು ನಂಬಿಕೆ ಇದ್ದುದರಿಂದಲೇ ಅವಳು ತಡಮಾಡದೆ ಕೀಲಿಗಳನ್ನು ಒತ್ತಿದಳು. ಗಂಡಸರು ಅವಳ ಹಿಂದೆ ಮುಗಿಬಿದ್ದರು. ಬೆವರು, ಕುದುರೆ, ರಕ್ತದ ವಾಸನೆ. ಪರದೆಯ ಮೇಲೆ ಧೂಳು ಕುದಿಯಿತು. ಗುಂಪು ಬಿಗಿಯಿತು. ಯಾರದೋ ಬಗ್ಗಿದ ಬೆನ್ನು, ಕುದುರೆಗಳ ಕುತ್ತಿಗೆಗಳು, ಬಾಲಗಳು. ಒಂದು ಕ್ಷಣ ಗಾಳಿ ಧೂಳನ್ನು ಸೀಳಿತು. ಒಂದು ಕಂದು ಕುದುರೆ ಹಿಂಗಾಲಿನ ಮೇಲೆ ನಿಂತಿತ್ತು. ಸವಾರನ ತೋಳು ಮೇಲೆದ್ದು ಇಳಿಯಿತು. ಇಳಿದ ಕಡೆ ಒಂದು ಟೋಪಿಯ ತಲೆ ಮಡಿಸಿದಂತೆ ಮರೆಯಾಯಿತು. ಮತ್ತೆ ಧೂಳು.

"ಹಿಂದಕ್ಕೆ," ಎಂದ ಶೇರ್ಗಾಜಿ. "ನಿಲ್ಸಿ ಅಲ್ಲಿ."

ಚಿತ್ರ ನಿಂತಿತು. ಮುಖ ಕಾಣುತ್ತಿರಲಿಲ್ಲ. ಕುದುರೆಯ ಬಲ ಹಿಂಗಾಲಿನಲ್ಲಿ ಬಿಳುಪು ಸ್ಪಷ್ಟವಾಗಿತ್ತು. ಸವಾರನ ಬೆನ್ನು ಇತ್ತ ಕಡೆಗಿತ್ತು, ಎತ್ತಿದ ತೋಳು ಇನ್ನೂ ಸ್ಪಷ್ಟವಾಗಿತ್ತು.

"ಯಾವ ಕೈ ಅದು?" ಎಂದು ಶೇರ್ಗಾಜಿ ಅವಳನ್ನೇ ಕೇಳಿದ. "ನೀವು ಓದಿದವ್ರು. ನೀವೇ ಹೇಳಿ. ನಾವು ಹೇಳಿದ್ರೆ ಸುಳ್ಳು ಅಂತೀರಿ."

ಮಾತನ್ನು ತೂಗಿ ಆಡುವುದು ಅವಳ ಸ್ವಭಾವ. ಎಷ್ಟು ತೂಗಿದರೂ ಅಲ್ಲಿ ಇದ್ದದ್ದು ಒಂದೇ ಮಾತು. ಸುಳ್ಳು ಹೇಳಲು ಇಪ್ಪತ್ತು ಜೋಡಿ ಕಣ್ಣುಗಳು ಬಿಡುತ್ತಿರಲಿಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ ಅವಳ ಕಣ್ಣೇ ಬಿಡುತ್ತಿರಲಿಲ್ಲ. ಬಾಗಿಲ ಬಳಿ ನಿಂತಿದ್ದ ತಮ್ಮನನ್ನು ನೋಡಿದಳು. ಇವನೇ ಮಾಡಿದ್ದಾನೆ, ನನಗೂ ಸುಳ್ಳು ಹೇಳಿದ್ದಾನೆ ಎಂದುಕೊಂಡಳು.

"ಎಡಗೈ," ಎಂದಳು.

ಉಲಾರ್‌ಬೆಕ್ ಅವಳನ್ನು ನೋಡಿದ ರೀತಿಯನ್ನು ಅವಳು ಮುಂದೆ ಎಂದೂ ಯಾರಿಗೂ ವಿವರಿಸಲಿಲ್ಲ. ಮುಂದಿನ ಕ್ಷಣ ಯಾರೋ ಅವನ ಹೊಟ್ಟೆಗೆ ಒದ್ದರು. ಅವನು ಮಡಚಿಕೊಂಡು ಬಿದ್ದ. ಕಾಲು ಹಿಡಿದು ಅವನನ್ನು ಅಂಗಳಕ್ಕೆ ಎಳೆದರು. ಹೊಸ್ತಿಲಿಗೆ ತಲೆ ಬಡಿದ ಸದ್ದು ಕೇಳಿಸಿತು.

"ಕೊಲ್ಲಲ್ಲ," ಎಂದ ಶೇರ್ಗಾಜಿ, ಬಾಗಿಲು ದಾಟುತ್ತಾ, ಅವಳಿಗೆ ಧೈರ್ಯ ಹೇಳುವವನಂತೆ. "ಆ ಕೈ ಮಾತ್ರ ತಗೋತೀನಿ."

*

ಅವಳು ಹಿಂದೆಯೇ ಓಡಿದಳು. ಬಾಗಿಲಲ್ಲಿ ಒಬ್ಬ ಎದೆಗೆ ಕೈಯಿಟ್ಟು ಒಳಕ್ಕೆ ತಳ್ಳಿದ. ಬೆಂಚಿನ ಅಂಚಿಗೆ ಬಿದ್ದಳು, ತುಟಿ ಒಡೆಯಿತು. ಹೊರಗಿನಿಂದ ಚಿಲಕ ಬಿತ್ತು. ಕಿಟಕಿಗೆ ಕಬ್ಬಿಣದ ಸರಳುಗಳು. ಯಂತ್ರಗಳನ್ನು ಕದಿಯದಿರಲೆಂದು ಅವಳೇ ಹಟ ಹಿಡಿದು ಹಾಕಿಸಿದ್ದು.

ಸರಳಿನ ಆಚೆ, ಚಳಿಗಾಲದ ಸೌದೆ ಸೀಳುವ ಕೊರಡಿನ ಬಳಿ ಉಲಾರ್‌ಬೆಕ್‌ನನ್ನು ಮಂಡಿಯೂರಿಸಿದ್ದರು. ಇಬ್ಬರು ಅವನ ಬೆನ್ನ ಮೇಲೆ ಕೂತಿದ್ದರು. ಒಬ್ಬ ಎಡಗೈ ಮಣಿಕಟ್ಟಿಗೆ ಲಗಾಮಿನ ಪಟ್ಟಿ ಸುತ್ತಿ ಎಳೆಯುತ್ತಿದ್ದ. ಉಲಾರ್‌ಬೆಕ್ ಹಂದಿಯಂತೆ ಒದ್ದಾಡುತ್ತಿದ್ದ. ಒಬ್ಬನ ಬೆರಳನ್ನು ಕಚ್ಚಿ ಹಿಡಿದ. ಆ ಮನುಷ್ಯ ಬೊಬ್ಬೆಯಿಟ್ಟು ಮೊಣಕೈಯಿಂದ ಅವನ ಬಾಯಿಗೆ ಗುದ್ದಿದ, ಮತ್ತೆ ಗುದ್ದಿದ. ಕೋಜೂಬೆಕ್ ಅಜ್ಜ ಶೇರ್ಗಾಜಿಯ ತೋಳು ಹಿಡಿದು ಏನೋ ಬೇಡಿಕೊಳ್ಳುತ್ತಿದ್ದರು.

ಕೂಗಿ ಪ್ರಯೋಜನವಿರಲಿಲ್ಲ. ಅವಳ ಬಳಿ ಇದ್ದದ್ದು ಆ ಪೆಟ್ಟಿಗೆಯೊಂದೇ. ಆ ತೋಳು ಎದ್ದದ್ದಕ್ಕೊಂದು ಕಾರಣ, ಮೊದಲು ಯಾರಾದರೂ ಅವನನ್ನು ಹೊಡೆದಿರಬಹುದು, ಏನಾದರೂ ಸಿಗಬಹುದು ಎಂದು ಆಟವನ್ನು ಮೊದಲಿನಿಂದ ಓಡಿಸಿದಳು. ಕಣ್ಣು ಪರದೆಯ ಮೇಲೆ, ಕಿವಿ ಕಿಟಕಿಯಲ್ಲಿ. ಪರದೆಯಲ್ಲಿ ಸವಾರರು ಇನ್ನೂ ನೆಲದ ಮೇಲಿದ್ದರು, ಜೀನು ಬಿಗಿಯುತ್ತಿದ್ದರು, ನಗುತ್ತಿದ್ದರು. ಮಕ್ಸುತ್ ಬದುಕಿದ್ದ. ಕೋಜೂಬೆಕ್ ಅಜ್ಜ ತಮ್ಮ ಬಿಳಿ ಕುದುರೆಯ ಬಳಿ ಬಂದರು, ರಿಕಾಪಿಗೆ ಕಾಲಿಟ್ಟರು, ಹತ್ತಿದರು.

ಅವಳು ನಿಲ್ಲಿಸಿ ಹಿಂದಕ್ಕೆ ಓಡಿಸಿದಳು.

ಅಜ್ಜ ಬಲಗಡೆಯಿಂದ ಹತ್ತುತ್ತಿದ್ದರು.

ಈ ಬೆಟ್ಟಗಳಲ್ಲಿ ಯಾರೂ ಬಲಗಡೆಯಿಂದ ಕುದುರೆ ಹತ್ತುವುದಿಲ್ಲ. ಎಳೆ ಮಕ್ಕಳೂ ಇಲ್ಲ, ಕುಡಿದವರೂ ಇಲ್ಲ, ಎಡಚನಾದ ಉಲಾರ್‌ಬೆಕ್ ಕೂಡ ಇಲ್ಲ. ಬಲಗಡೆ ಹೋದರೆ ಕುದುರೆ ನಿಲ್ಲುವುದೂ ಇಲ್ಲ. ಪರದೆಯಲ್ಲಿ ಅಜ್ಜನ ಹಿಂದೆ ಇನ್ನೊಬ್ಬ ಹತ್ತಿದ, ಬಲಗಡೆಯಿಂದ. ಮತ್ತೊಬ್ಬ. ಎರಡು ಹಳ್ಳಿಯ ಸವಾರರೆಲ್ಲ ಬಲಗಡೆಯಿಂದ ಹತ್ತಿ, ಚಾಟಿಗಳನ್ನು ಎಡಗೈಗೆ ತೆಗೆದುಕೊಂಡರು.

ಮಸೀದಿ ಯಾವಾಗ ಹೊಳೆ ದಾಟ್ತು ಎಂದಿದ್ದ ಮಿರ್ಲಾನ್.

ಕನ್ನಡಿ. ಬೇರೆ ಕ್ಯಾಮೆರಾಕ್ಕೆ ಮಾಡಿದ ಆ ಡ್ರೈವರ್ ಚಿತ್ರವನ್ನು ಕನ್ನಡಿಯಂತೆ ಮಗುಚಿ ಕೊಡುತ್ತಿತ್ತು. ಅವಳು ಅದನ್ನು ಪರೀಕ್ಷಿಸಿದ್ದು ತನ್ನ ಮುಖದಿಂದ. ತನ್ನ ಮುಖವನ್ನು ಯಾರೂ ಕನ್ನಡಿಯಲ್ಲಿ ಅಲ್ಲದೆ ಬೇರೆಲ್ಲೂ ನೋಡಿರುವುದಿಲ್ಲ.

ವಿಡಿಯೊ ನೋಡುವ ತಂತ್ರಾಂಶದಲ್ಲಿ ಚಿತ್ರವನ್ನು ಎಡಬಲ ತಿರುಗಿಸುವ ಗುಂಡಿ ಎಲ್ಲೋ ಇತ್ತು. ಒಂದು ಕಡೆ ಒತ್ತಿದಳು, ಬಣ್ಣ ಬದಲಾಯಿತು. ಇನ್ನೊಂದು ಕಡೆ ಒತ್ತಿದಳು, ಚಿತ್ರ ತಲೆಕೆಳಗಾಯಿತು. ಅಂಗಳದಲ್ಲಿ ಯಾರೋ "ಬೆರಳು ಬಿಡಿಸ್ರೋ, ಬೆರಳು" ಎಂದರು. ಮೂರನೆಯ ಸಲ ಸಿಕ್ಕಿತು. ಬೆಟ್ಟಗಳು ಪಕ್ಕ ಬದಲಿಸಿ ತಮ್ಮ ಜಾಗಕ್ಕೆ ಬಂದು ಕೂತವು. ಅವಳು ಆ ಕ್ಷಣಕ್ಕೆ ಹೋದಳು. ಧೂಳು ಸೀಳಿತು. ಎತ್ತಿದ ತೋಳು ಬಲಗೈಯಾಗಿತ್ತು.

ಕುದುರೆಯ ಬಿಳಿ ಕಾಲು ಈಗ ಎಡಗಾಲಾಗಿತ್ತು.

ಆ ಕುದುರೆ ಯಾರದೆಂದು ತಿಳಿಯಲು ಓದಿದವರು ಬೇಕಾಗಿರಲಿಲ್ಲ. ಅದರ ಮುಂದೆ ಗುಂಪಿನೊಳಗೆ ಬಗ್ಗಿದ್ದ ಬೆನ್ನು ಈಗ ಗುರುತು ಸಿಕ್ಕಿತು: ಮೇಕೆ ಎತ್ತುತ್ತಿದ್ದ ಉಲಾರ್‌ಬೆಕ್, ಹಲ್ಲಿನಲ್ಲಿ ಚಾಟಿ. ಶೇರ್ಗಾಜಿ ಆ ಬೆನ್ನಿಗೆ ಬೀಸಿದ್ದ. ಅದೇ ಹೊತ್ತಿಗೆ ಮಕ್ಸುತ್ ಮೇಕೆಗಾಗಿ ಆಚೆ ಕಡೆಯಿಂದ ತಲೆ ಚಾಚಿದ್ದ.

ಕೊಡಲಿ ಈಗ ಶೇರ್ಗಾಜಿಯ ಕೈಯಲ್ಲೇ ಇತ್ತು. ಇದನ್ನು ತೋರಿಸಿದರೆ ಅವನು ಏನು ಮಾಡಿಯಾನು ಎಂಬ ಯೋಚನೆ ಅವಳನ್ನು ಒಂದು ಉಸಿರಿನಷ್ಟು ಹೊತ್ತು ಹಿಡಿದಿಟ್ಟಿತು. ಆ ಒಂದು ಉಸಿರಿನಲ್ಲೇ ಕೊಡಲಿಯ ಹಿಂಬದಿ ಎಡಗೈಯ ಮೇಲೆ ಇಳಿಯಿತು. ಒಣಸೌದೆ ಸೀಳಿದ ಸದ್ದಲ್ಲ ಅದು, ಹಸಿ ಸೌದೆಯದು. ಉಲಾರ್‌ಬೆಕ್‌ನ ಕೂಗು ಶಾಲೆಯ ಗೋಡೆಗೆ ಬಡಿದು ವಾಪಸು ಬಂತು.

ಅವಳು ಲ್ಯಾಪ್‌ಟಾಪನ್ನು ಸರಳಿಗೆ ಒತ್ತಿ ಹಿಡಿದು ಕಿರುಚಿದಳು. "ಕೋಜೂಬೆಕ್ ಅಜ್ಜ, ನೀವು ಯಾವ ಕಡೆಯಿಂದ ಕುದುರೆ ಹತ್ತೋದು?"

ಪ್ರಶ್ನೆ ಎಷ್ಟು ಅಸಂಬದ್ಧವಾಗಿತ್ತೆಂದರೆ ಎಲ್ಲರೂ ತಿರುಗಿದರು.

"ಮಗಾ, ತಲೆ ಕೆಟ್ಟಿದೆಯಾ ನಿಂಗೆ," ಎಂದರು ಮುದುಕ, ಕಣ್ಣಲ್ಲಿ ನೀರು.

"ಹೇಳಿ ಅಜ್ಜ. ಎಡಗಡೆಯೋ, ಬಲಗಡೆಯೋ?"

"ಎಡಗಡೆ. ಬಲಗಡೆ ಯಾವನು ಹತ್ತಾನೆ?"

"ನೀವು ಹತ್ತಿದೀರಿ. ಇಲ್ಲಿದೆ. ಎಲ್ರೂ ಹತ್ತಿದೀರಿ. ಬಂದು ನೋಡಿ. ಆಮೇಲೆ ಕಡೀರಿ, ನಮ್ಮಿಬ್ಬರದೂ ಕಡೀರಿ. ಮೊದ್ಲು ನೋಡಿ."

ಮುದುಕ ಬಂದರು. ಅವರ ಹಿಂದೆ ಇಬ್ಬರು, ಮತ್ತೆ ನಾಲ್ವರು. ಬೆನ್ನ ಮೇಲೆ ಕೂತಿದ್ದವರೂ ಕುತ್ತಿಗೆ ಚಾಚಿದರು. ಚಿತ್ರವನ್ನು ಮತ್ತೆ ಮೊದಲಿನಂತೆ ಮಗುಚಿ, ಅವಳು ಸರಳಿನ ಒಳಗಿನಿಂದ ಆಟದ ಆರಂಭ ಓಡಿಸಿದಳು. ಅಜ್ಜ ತಮ್ಮನ್ನು ತಾವೇ ನೋಡಿಕೊಂಡರು. ಬಾಯಿ ತೆರೆದುಕೊಂಡಿತು.

"ಇದು ನಾನಲ್ಲ," ಎಂದರು. ಆಮೇಲೆ, "ನನ್ನ ಕುದುರೆಯಂತೂ ಹೌದು."

"ಲೇ, ನಾನೂ ಬಲಗಡೆಯಿಂದ ಹತ್ತಿದೀನಿ ನೋಡ್ರೋ," ಎಂದ ಇನ್ನೊಬ್ಬ, ತುಂಬ ಮೆಲ್ಲಗೆ. "ನನ್ನ ಕುದುರೆ ಒದ್ದು ಸಾಯ್ಸಿರೋದು ಹಾಗೆ ಮಾಡಿದ್ರೆ."

"ಕ್ಯಾಮೆರಾ ಕನ್ನಡಿ ಥರ ತೋರಿಸ್ತಿದೆ," ಎಂದಳು ಸುಯುಮ್‌ಕಾನ್. ತುಟಿಯ ರಕ್ತ ಗಲ್ಲಕ್ಕೆ ಇಳಿಯುತ್ತಿತ್ತು. "ನಾನು ತಪ್ಪು ಡ್ರೈವರ್ ಹಾಕಿದೆ. ತಪ್ಪು ನಂದು. ನಾನು ಎಡಗೈ ಅಂದಿದ್ದು ಬಲಗೈ."

ಯಾರೋ "ಓದಿದವಳ ಕಣ್ಕಟ್ಟು, ತಮ್ಮನ್ನ ಉಳಿಸ್ಕೊಳ್ಳೋಕೆ" ಎಂದರು. ಇನ್ನೊಬ್ಬ "ಕುದುರೆ ಹತ್ತೋದ್ರಲ್ಲಿ ಯಾವನೋ ಕಣ್ಕಟ್ಟು ಮಾಡೋದು, ಮುಚ್ಕೊಳ್ಳೋ" ಎಂದ. ತಳ್ಳಾಟವಾಯಿತು, ಒಬ್ಬ ಇನ್ನೊಬ್ಬನ ಮೂಗಿಗೆ ತಲೆಯಿಂದ ಗುದ್ದಿದ. ಶೇರ್ಗಾಜಿ ಕೊಡಲಿ ಹಿಡಿದೇ ಗುಂಪು ಸೀಳಿಕೊಂಡು ಬಂದು ಚಿಲಕ ತೆಗೆದು ಒಳಗೆ ಬಂದ.

"ಸರಿ ಮಾಡಿ ತೋರ್ಸಿ," ಎಂದ.

"ನೀವೊಬ್ರೇ ನೋಡಿ ಶೇರ್ಗಾಜಿ ಅಣ್ಣ," ಎಂದಳು ಅವಳು. "ಬಾಗ್ಲು ಹಾಕಿ. ನೀವೊಬ್ರೇ."

ಅವಳ ದನಿಯಲ್ಲಿ ಏನೋ ಇತ್ತು. ಅವನು ಬಾಗಿಲು ಹಾಕಲಿಲ್ಲ, ಆದರೆ ಬೆನ್ನನ್ನು ಬಾಗಿಲಿಗೆ ಮಾಡಿ ನಿಂತ, ಪರದೆ ಅವನ ಅಗಲ ಮೈಯ ಮರೆಯಲ್ಲಿ ಉಳಿಯಿತು. ಅವಳು ಚಿತ್ರವನ್ನು ತಿರುಗಿಸಿ ಓಡಿಸಿದಳು.

ಅವನು ನೋಡಿದ. ತೋಳು ಎದ್ದಿತು, ಇಳಿಯಿತು.

"ಮತ್ತೆ," ಎಂದ.

ತೋಳು ಎದ್ದಿತು, ಇಳಿಯಿತು. ಬಿಳಿ ಕಾಲು.

"ಮತ್ತೆ."

ಅವಳು ಕೊಡಲಿಯ ಕಡೆಗೇ ಕಣ್ಣಿಟ್ಟು ಮತ್ತೆ ಓಡಿಸಿದಳು. ಆ ಹಿಡಿಯ ಮೇಲೆ ಅವನ ಬೆರಳುಗಳು ಬಿಳಿಚಿ, ಸಡಿಲಾಗಿ, ಮತ್ತೆ ಬಿಳಿಚಿಕೊಂಡವು.

"ತಾಗಿದ್ದು ಗೊತ್ತಾಗಿತ್ತು ನಂಗೆ," ಎಂದ ಅವನು, ಯಾರಿಗೋ ಎಂಬಂತೆ. "ಕೈಗೆ ಗೊತ್ತಾಗುತ್ತಲ್ಲ. ಅವನಿಗೇ ಬಿತ್ತು ಅನ್ಕೊಂಡೆ. ಖುಷಿ ಆಗಿತ್ತು."

ಆಮೇಲೆ ಅವನು ಕೊಡಲಿ ಎತ್ತಿದ. ಅವಳು ಎರಡೂ ಕೈಗಳಿಂದ ತಲೆ ಮುಚ್ಚಿಕೊಂಡಳು. ಏಟು ಬೀಳಲಿಲ್ಲ. ಕಣ್ಣು ತೆರೆದಾಗ ಅವನು ಅಂಗಳದಲ್ಲಿದ್ದ. ಜನ ದಾರಿ ಬಿಟ್ಟರು. ಉಲಾರ್‌ಬೆಕ್‌ನ ಬೆನ್ನ ಮೇಲಿದ್ದವರನ್ನು ಕೊರಳಪಟ್ಟಿ ಹಿಡಿದು ಎತ್ತಿ ಬಿಸಾಡಿದ, ಒಬ್ಬನನ್ನು ಸೌದೆಯ ರಾಶಿಯ ಮೇಲೆ, ಒಬ್ಬನನ್ನು ಗೋಡೆಗೆ. ಉಲಾರ್‌ಬೆಕ್ ಎಳೆದುಕೊಂಡ ಕೈಯನ್ನು ಹೊಟ್ಟೆಯೊಳಗೆ ಮುದುಡಿಕೊಂಡು ನೆಲದ ಮೇಲೆ ಉರುಳಿದ. ಗೇಟಿನ ಕಂಬಕ್ಕೆ ಕಟ್ಟಿದ್ದ ಕಂದು ಕುದುರೆ ಒಡೆಯನ ವಾಸನೆ ಹಿಡಿದು ಕಿವಿ ನಿಮಿರಿಸಿತು.

ಶೇರ್ಗಾಜಿ ಅದರ ಎಡಗಡೆಗೆ ಹೋದ. ಹತ್ತಲಿಕ್ಕೆಂದು ಎಲ್ಲರೂ ತಿಳಿದರು. ಕುದುರೆಯೂ ಹಾಗೆಯೇ ತಿಳಿದು ಮೈ ಬಿಗಿದು ನಿಂತಿತು. ಕೊಡಲಿ ಅದರ ಹಣೆಯ ನಡುವೆ ಬಿತ್ತು. ಮುಂಗಾಲು ಮಡಿಸಿ ಬಿದ್ದ ಪ್ರಾಣಿ ಎದ್ದೇಳಲು ನೋಡಿತು. ಅವನು ಮತ್ತೆ ಬೀಸಿದ, ಮತ್ತೆ ಬೀಸಿದ, ಅದು ಅಲುಗುವುದನ್ನು ನಿಲ್ಲಿಸಿದ ಮೇಲೂ ಬೀಸಿದ. ಮುದುಕ ಕೋಜೂಬೆಕ್ ಬಂದು ಅವನನ್ನು ಹಿಂದಿನಿಂದ ತಬ್ಬಿಕೊಳ್ಳುವವರೆಗೆ ಯಾರೂ ಹತ್ತಿರ ಹೋಗಲಿಲ್ಲ. ಸಿಡಿದ ರಕ್ತ ಶಾಲೆಯ ಹೆಸರಿನ ಹಲಗೆಯವರೆಗೂ ಹೋಗಿತ್ತು.

ಅದರ ಎಡ ಹಿಂಗಾಲಿನ ಬಿಳುಪನ್ನು ಅಲ್ಲಿದ್ದವರೆಲ್ಲ ನೋಡಿದರು. ಇನ್ನು ಯಾರಿಗೂ ಏನೂ ತೋರಿಸಬೇಕಾಗಿರಲಿಲ್ಲ.

*

ಪೊಲೀಸು ಬಂದಾಗ, ಆಟದಲ್ಲಿ ಕುದುರೆ ತುಳಿಯಿತು ಎಂದರು ಕೋಜೂಬೆಕ್ ಅಜ್ಜ. ಉಳಿದವರು ತಲೆಯಾಡಿಸಿದರು. ಉಲಾರ್‌ಬೆಕ್‌ನ ಕೈಯೂ ಹಾಗೆಯೇ ಆಯಿತಂತೆ. ಪೊಲೀಸಿನವನು ಸುಯುಮ್‌ಕಾನ್‌ಳ ಒಡೆದ ತುಟಿಯನ್ನು ನೋಡಿದ, ಏನೂ ಕೇಳಲಿಲ್ಲ. ಆಸ್ಪತ್ರೆಯಲ್ಲಿ ಎಡಗೈಯ ಎರಡು ಬೆರಳು ತೆಗೆದರು. ಉಳಿದವು ಇರುತ್ತವೆ, ಮಡಚುವುದಿಲ್ಲ ಎಂದರು.

ಹೂಳುವ ದಿನ ಬೆಳಿಗ್ಗೆ ಅವಳು ಶಾಲೆಗೆ ಹೋಗಿ ಬಾಗಿಲು ಹಾಕಿಕೊಂಡು, ಕ್ಯಾಮೆರಾದ ತಳದಲ್ಲಿದ್ದ ಸಣ್ಣ ಅಕ್ಷರಗಳನ್ನು ಓದಿ, ಅದರದೇ ಡ್ರೈವರ್ ಹುಡುಕಿ ಹಾಕಿದಳು. ಆಟದ ಹಿಂದಿನ ದಿನವೂ ಅದು ಇಂಟರ್ನೆಟ್ಟಿನಲ್ಲೇ ಇತ್ತು, ಇನ್ನೊಂದಷ್ಟು ಹೊತ್ತು ಹುಡುಕಿದ್ದರೆ ಸಿಗುತ್ತಿತ್ತು. ಈ ಸಲ ಕ್ಯಾಮೆರಾದ ಮುಂದೆ ಮುಖ ಇಡಲಿಲ್ಲ. ಹಳೆಯ ದಿನಪತ್ರಿಕೆಯೊಂದನ್ನು ಹಿಡಿದಳು. ಅಕ್ಷರಗಳು ನೇರವಾಗಿ ಮೂಡಿದವು. ಇನ್ನೊಮ್ಮೆ ಹಿಡಿದು ನೋಡಿದಳು. ಪತ್ರಿಕೆ ಮಡಚಿಟ್ಟು, ಉಲಾರ್‌ಬೆಕ್‌ನನ್ನು ಕರೆದುಕೊಂಡು ಮೇಲಿನ ಹಳ್ಳಿಗೆ ಹೊರಟಳು. ಹೋಗದಿದ್ದರೆ ಹಗೆ ಎಂದು ಅರ್ಥ, ಹೋಗಲೇಬೇಕು ಎಂದಿದ್ದರು ಅಜ್ಜ.

"ನೀನು ಎಡಗೈ ಅಂದಾಗ," ಎಂದ ಉಲಾರ್‌ಬೆಕ್ ದಾರಿಯಲ್ಲಿ, ಇದ್ದಕ್ಕಿದ್ದಂತೆ, "ನಂಗೇ ಒಂದು ಕ್ಷಣ ಅನುಮಾನ ಬಂತು ಅಕ್ಕ. ಹೊಡೆದಿದೀನೇನೋ ಅಂತ."

ಅವಳು ಹೆಜ್ಜೆ ಬಿರುಸು ಮಾಡಿದಳು. ಅವನೂ ಹಿಂದೆ ನಡೆದ.

ಶೇರ್ಗಾಜಿಯ ಅಂಗಳದಲ್ಲಿ ಸತ್ತವನಿಗೆಂದು ಹಾಕಿದ್ದ ಡೇರೆಯ ಒಳಗೆ ಹೆಂಗಸರು ಗೋಡೆಗೆ ಮುಖ ಮಾಡಿ ಹಾಡಿ ಅಳುತ್ತಿದ್ದರು. ಮಕ್ಸುತ್‌ನ ಹೆಂಡತಿಯ ದನಿ ಕಟ್ಟಿಹೋಗಿ ಬರೀ ಗಾಳಿ ಬರುತ್ತಿತ್ತು. ಸತ್ತವನಿಗೆಂದು ಕುದುರೆ ಕಡಿದು ಬೇಯಿಸಬೇಕು, ಅದು ರೂಢಿ. ಯಾವ ಕುದುರೆ ಎಂದು ಯಾರೂ ಕೇಳಲಿಲ್ಲ. ಬೇಲಿಯ ಮೇಲೆ ಹರವಿದ್ದ ಕಂದು ಚರ್ಮದ ಒಂದು ಮೂಲೆ ಬಿಳಿಯಾಗಿತ್ತು.

ಗಂಡಸರ ಸಾಲಿಗೆ ಮಾಂಸದ ತಟ್ಟೆಗಳು ಬಂದವು. ಸುಯುಮ್‌ಕಾನ್ ಚಹಾದ ಬಟ್ಟಲು ಹಿಡಿದು ಡೇರೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಉಲಾರ್‌ಬೆಕ್‌ನ ಮುಂದೆ ಮೂಳೆಸಮೇತದ ದೊಡ್ಡ ತುಂಡು ಇಟ್ಟರು. ಅವನು ಸೊಂಟದ ಚೂರಿ ತೆಗೆಯಲು ಎಡಗೈ ಎತ್ತಿದ, ಬ್ಯಾಂಡೇಜಿನ ಮುದ್ದೆ ನೋಡಿ ಕೆಳಗಿಟ್ಟ. ಬಲಗೈಯಲ್ಲಿ ಚೂರಿ ಹಿಡಿದ. ಅದು ಮಾಂಸದ ಮೇಲೆ ಜಾರಿತು, ಮತ್ತೆ ಜಾರಿತು.

ಶೇರ್ಗಾಜಿ ಎದ್ದು ಬಂದು ಅವನ ಎದುರು ಮಂಡಿಯೂರಿ ಕೂತ. ಗಡ್ಡ ಬೆಳೆದಿತ್ತು, ಉಗುರಿನ ಬುಡದಲ್ಲಿ ರಕ್ತ ಇನ್ನೂ ಕಪ್ಪಗಿತ್ತು. ಉಲಾರ್‌ಬೆಕ್‌ನ ಕೈಯಿಂದ ಚೂರಿ ತೆಗೆದುಕೊಂಡ.

ಬಟ್ಟಲಿನ ಚಹಾ ಸುಯುಮ್‌ಕಾನ್‌ಳ ಬೆರಳುಗಳ ಮೇಲೆ ಚೆಲ್ಲಿತು. ಸುಟ್ಟದ್ದು ಅವಳಿಗೆ ಗೊತ್ತಾಗಲಿಲ್ಲ. ಚೂರಿಯ ತುದಿ ತಮ್ಮನ ಎದೆಯಿಂದ ಒಂದು ಗೇಣು ದೂರದಲ್ಲಿತ್ತು.

ಶೇರ್ಗಾಜಿ ತಲೆ ಬಗ್ಗಿಸಿ ಮಾಂಸವನ್ನು ಮೂಳೆಯಿಂದ ಬಿಡಿಸತೊಡಗಿದ. ಮಗುವಿಗೆ ಹೆಚ್ಚುವ ಹಾಗೆ ಸಣ್ಣ ಸಣ್ಣ ತುಂಡು ಮಾಡಿದ. ಕೊಬ್ಬನ್ನು ಬೇರೆ ಮಾಡಿ ಪಕ್ಕಕ್ಕಿಟ್ಟ. ಎಲ್ಲ ಮುಗಿದ ಮೇಲೆ ಚೂರಿಯನ್ನು ಒರೆಸಿ, ಹಿಡಿಯನ್ನು ಉಲಾರ್‌ಬೆಕ್‌ನ ಕಡೆಗೆ ತಿರುಗಿಸಿ, ಅವನ ಬಲಗೈಯ ಪಕ್ಕದಲ್ಲಿ ಇಟ್ಟ. ಅಲ್ಲಿಂದ ಏಳಲಿಲ್ಲ.

ಉಲಾರ್‌ಬೆಕ್ ಆ ಚೂರಿಯನ್ನು ನೋಡಿದ. ಆಮೇಲೆ ಒಂದು ತುಂಡು ಮಾಂಸ ಎತ್ತಿ ಬಾಯಿಗಿಟ್ಟುಕೊಂಡು ಅಗಿಯತೊಡಗಿದ. ಅವನು ನುಂಗುವವರೆಗೂ ಸುಯುಮ್‌ಕಾನ್ ಉಸಿರು ಬಿಡಲಿಲ್ಲ. ನುಂಗಿದ ಮೇಲೂ, ಚೂರಿಯ ಮೇಲಿನ ಕಣ್ಣು ತೆಗೆಯಲಿಲ್ಲ.